ಹುಳಿ ಕೈಯ ಓದು

ಪುರವರದ ನಂದೀಶ್ವರಯ್ಯನವರು ಮುಂದೆ ಸಿರಾದಲ್ಲಿ ಮೇಷ್ಟ್ರಾಗಿ ಹೆಸರು ಮಾಡಿದರು. ಮಹಾರಾಜರ ಕಾಲದ ಮೈಸೂರಿನಲ್ಲಿ ಬಿ.ಎ. ಓದುವಾಗ ಇದೇ ಮಹಾಶಯರು ಅರ್ಥಶಾಸ್ತ್ರದಲ್ಲಿ ಡುಮ್ಕಿ ಹೊಡೆದಿದ್ದರೆಂದರೆ ಯಾರೂ ನಂಬುತ್ತಿರಲಿಲ್ಲ. ಓದಲಿಲ್ಲವೆಂದಲ್ಲ, ಪಾಪ. ಓದಿದ್ದೇ ಓದಿದ್ದು. ಪುಟಕ್ಕೆ ಪುಟವನ್ನೇ ಇಂಗ್ಲಿಷಿನಲ್ಲಿ ಉರು ಹೊಡೆದು, ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದರು. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಮಾತ್ರ ಬಾಯಿಗೆ ಬೀಗ.

ಮರುಪರೀಕ್ಷೆಯಲ್ಲೂ ನಪಾಸಾದರೆ ಉಚಿತ ವಿದ್ಯಾರ್ಥಿನಿಲಯದಲ್ಲಿ ಜಾಗವಿಲ್ಲ. ಅಲ್ಲಿಯ ಊಟ ತಪ್ಪಿದರೆ ಕಾಲೇಜೂ ತಪ್ಪಿದಂತೆ. ಆ ಚಿಂತೆ ಹೊತ್ತು ಬೇಸಿಗೆಗೆ ಊರಿಗೆ ಬಂದ ನಂದೀಶ (ಆಗಿನ್ನೂ ಅವನಿಗೆ ಯಾರೂ ಬಹುವಚನ ಕೊಡುತ್ತಿರಲಿಲ್ಲ) ಜಗಲಿಯ ಮೇಲೆ ಕೂತು ಮತ್ತೆ ಅದೇ ರಾಗ ಹಿಡಿದ.

ಅಕ್ಕ ಸರ್ವಮಂಗಳಾಳನ್ನು ನಾಲ್ಕನೆಯ ತರಗತಿಗೇ ಶಾಲೆ ಬಿಡಿಸಿದ್ದರು. ಪಕ್ಕದ ಕೇರಿಗೇ ಲಗ್ನ ಮಾಡಿ ಕೊಟ್ಟಿದ್ದರಿಂದ, ಹುಣಸೆಹಣ್ಣು ಬಿಡಿಸಲು ತವರಿಗೆ ಬಂದಿದ್ದಳು. ಅಂಗಳದ ತುಂಬ ರಾಶಿ.

"ಲೇ, ಬಾಯಿ ಆಡ್ತೈತೆ, ಕೈ ಸುಮ್ನೆ ಕುಂತೈತೆ. ಬಾ, ಬೀಜ ತೆಗಿ" ಎಂದಳು.

ಕೂತ. ಎರಡೂ ಕೈ ಅಂಟಂಟಾಯಿತು.

"ಅದೇನೋ ಗುನುಗ್ತಿದ್ಯಲ್ಲ, ನಂಗೂ ಹೇಳು."

ನಂದೀಶ ಇಂಗ್ಲಿಷಿನಲ್ಲಿ ಗಡಗಡನೆ ಒಪ್ಪಿಸಿದ.

"ಅಂಗಂದ್ರೇನ್ಲಾ?"

ತಡವರಿಸಿದ. "ಹೊಲಕ್ಕೆ ಗೊಬ್ಬರ ಹಾಕ್ದಂಗೆಲ್ಲ ಮೊದ್ಲು ಬೆಳೆ ಜಾಸ್ತಿ ಆಯ್ತದೆ ಅಕ್ಕ. ಆಮ್ಯಾಕೆ ಎಷ್ಟು ಸುರಿದ್ರೂ ಅಷ್ಟು ಬರಾಕಿಲ್ಲ."

"ಯಾಕೆ?"

ಅದು ನೆನಪಿಗೆ ಬರಲಿಲ್ಲ. ಪುಸ್ತಕ ನೋಡಲು ಎದ್ದ.

"ಹುಳಿ ಕೈಯಾಗೆ ಪುಸ್ತಕ ಮುಟ್ಟೀಯ! ಸರಸ್ವತಿ ಕಣ್ಲಾ ಅದು. ಈ ಮೊರ ಮುಗೀಲಿ, ಕೈ ತೊಳ್ಕೊಂಡು ನೋಡೀವಂತೆ. ಅಲ್ಲೀಗಂಟ ಯೋಚ್ನೆ ಮಾಡು."

ಬೇರೆ ದಾರಿಯಿಲ್ಲದೆ ಜನ್ಮದಲ್ಲಿ ಮೊದಲ ಸಲ ನಂದೀಶ ಪಾಠದ ಬಗ್ಗೆ ಯೋಚನೆ ಮಾಡಿದ. ಕೈ ತೊಳೆದು ಪುಸ್ತಕ ತೆರೆದಾಗ, ತನಗೆ ಹೊಳೆಯದೆ ಹೋದ ಸಾಲು ಎದ್ದು ಕಂಡಿತು: ಗೊಬ್ಬರ ಎಷ್ಟು ಹೆಚ್ಚಿದರೂ ಹೊಲ ಇದ್ದಷ್ಟೇ ಇರುತ್ತದೆ. ಮತ್ತೆಂದೂ ಅದು ಮರೆತುಹೋಗಲಿಲ್ಲ.

ಅಂದಿನಿಂದ ಅದೇ ರೂಢಿಯಾಯಿತು. ಬೆಳಗಿನ ತಂಪಿನಲ್ಲಿ ಓದುವುದು, ಪುಸ್ತಕ ಮುಚ್ಚಿ ರಾಶಿಯ ಮುಂದೆ ಕೂರುವುದು, ಅಕ್ಕನಿಗೆ ತಿಳಿಯುವಂತೆ ಹೇಳುವುದು, ತೊಡರಿದ್ದನ್ನು ಕೈ ತೊಳೆದು ನೋಡುವುದು. ಹುಣಸೆ ಮುಗಿದು ಮಡಕೆ ಸೇರಿದರೂ ಅಕ್ಕ ಬಿಡಲಿಲ್ಲ. ರಾಗಿ ಹಸನು ಮಾಡಲು ಕೂರಿಸಿಕೊಂಡಳು.

ಮರುಪರೀಕ್ಷೆಯಲ್ಲಿ ಪ್ರಶ್ನೆಯನ್ನು ಈ ಸಲವೂ ತಿರುಗಿಸಿಯೇ ಕೇಳಿದ್ದರು. ನಂದೀಶನ ಕಿವಿಯಲ್ಲಿ "ಅಂಗಂದ್ರೇನ್ಲಾ?" ಎಂಬ ಮಾತು ಕೇಳಿಸಿತು. ಎದುರಿಗೆ ಅಕ್ಕನೇ ಕೂತಿದ್ದಾಳೇನೋ ಎಂಬಂತೆ ಬರೆದ.

ಪಾಸಾದ ಸುದ್ದಿ ತಿಳಿದ ಮೇಲೆ ಊರಿಗೆ ಬಂದವನು ನೇರ ಅಕ್ಕನ ಮನೆಗೆ ಹೋಗಿ ಕಾಲಿಗೆ ಬಿದ್ದ. "ನೀನು ಕೇಳ್ದೆ ಇದ್ದಿದ್ರೆ ನನ್ ಓದು ಅಲ್ಲಿಗೇ ಮುಗೀತಿತ್ತು ಅಕ್ಕ."

ಅಡಿಗೆ ಮಾಡುತ್ತಿದ್ದ ಸರ್ವಮಂಗಳಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಏಳ್ಲಾ. ಶಾಲೆ ಬುಡ್ಸಿದ್ ಮ್ಯಾಕೆ ನಂಗೆ ಯಾರು ಪಾಠ ಹೇಳಿದ್ರು? ಈ ಬೇಸ್ಗೇಲಿ ನಾನೂ ಕಾಲೇಜ್ ಓದ್ದೆ. ಮುಂದಿಂದು ಯಾವಾಗ ಹೇಳೀಯ?"

ನಂದೀಶ ಚೀಲದಿಂದ ಮುಂದಿನ ವರ್ಷದ ಪುಸ್ತಕ ತೆಗೆದ. ಸರ್ವಮಂಗಳಾ ಎದ್ದು ಹೋಗಿ ಕೈ ತೊಳೆದುಕೊಂಡು ಬಂದಳು.