ಕ್ಲೊರಿಂದಾ ಹಂದಿ ಕೊಯ್ದ ಶನಿವಾರ

ಚಿಲೋಯೆ ದ್ವೀಪದ ನಮ್ಮ ಕೇರಿಯಲ್ಲಿ ಕ್ಲೊರಿಂದಾಳಷ್ಟು ಬಾಯಿ ಜೋರಿನ ಹೆಂಗಸು ಇನ್ನೊಬ್ಬಳಿರಲಿಲ್ಲ. ಸೈನ್ಯದವರ ಆಳ್ವಿಕೆ ಬಂದ ಮೇಲೆ ದೊಡ್ಡ ದೊಡ್ಡವರೆಲ್ಲ ಪಿಸುಗುಟ್ಟುವುದನ್ನು ಕಲಿತರು. ಇವಳು ಕೋಳಿ ಕರೆದರೂ ದೋಣಿಕಟ್ಟೆಗೆ ಕೇಳಿಸುತ್ತಿತ್ತು.

ರಾಜಧಾನಿಯಿಂದ ಗಡೀಪಾರಾದ ಅಬ್ದೋನ್ ಮೇಷ್ಟ್ರನ್ನು ತಂದು ಇಳಿಸಿದಾಗ ಮನೆ ಕೊಡಲು ಎಲ್ಲರಿಗೂ ಹೆದರಿಕೆ. ಕ್ಲೊರಿಂದಾ ಅವನ ಗಂಟು ಕಿತ್ತುಕೊಂಡು, "ಬಾ ಮಗಾ, ಗಂಡ ಸತ್ತ ಮೇಲೆ ಬೈಯೋಕೆ ನನಗ್ಯಾರೂ ಇಲ್ಲ" ಅಂದಳು.

ಜೈಲಿನಲ್ಲಿ ಅವನನ್ನು ನೀರಲ್ಲಿ ಅದ್ದಿ ಅದ್ದಿ ಎದೆ ಕೆಡಿಸಿದ್ದರು. ಕೆಮ್ಮಿದರೆ ರಕ್ತ. ದೊಡ್ಡಾಸ್ಪತ್ರೆಗೆ ಸೇರದಿದ್ದರೆ ಮುಂದಿನ ಬೇಸಿಗೆ ಕಾಣುವುದಿಲ್ಲ ಅಂದರು ಡಾಕ್ಟರು. ಅಪ್ಪಣೆ ರಾಜಧಾನಿಯಿಂದ ಬರಬೇಕು. ಅಲ್ಲಿಯವರೋ, ಅವನು ಗುಂಡುಕಲ್ಲಿನ ಹಾಗಿದ್ದಾನೆ ಅನ್ನುತ್ತಿದ್ದರು.

ದೂರದ ಹಾಲೆಂಡಿನಲ್ಲಿ ಮುಖಪರಿಚಯವೂ ಇಲ್ಲದ ಜನ ಅವನಿಗಾಗಿ ಸರ್ಕಾರಕ್ಕೆ ಕಾಗದ ಬರೆದೇ ಬರೆದರು. ಕೊನೆಗೆ ಅವರ ಪಾರ್ಲಿಮೆಂಟಿನ ಮಾರೈಕೆ ಎಂಬ ಹೆಂಗಸು, ಕಣ್ಣಾರೆ ನೋಡಿಯೇ ಬರುತ್ತೇನೆಂದು ಹೊರಟಳು.

ಅವಳು ಬರುವ ಹಿಂದಿನ ದಿನ ಸಾರ್ಜೆಂಟ್ ಬೆಲ್ಮಾರ್ ಬಂದ. "ಅಮ್ಮಾ, ನಾಳೆ ಮೇಷ್ಟ್ರನ್ನ ಠಾಣೆಯಲ್ಲಿ ಕೂರಿಸ್ಬೇಕು. ಆಯಮ್ಮನಿಗೆ ಇಗರ್ಜಿ ತೋರಿಸಿ ದೋಣಿ ಹತ್ತಿಸು ಅಂತ ಮೇಲಿಂದ ಹುಕುಂ. ಗಲಾಟೆ ಬೇಡ."

ಅವನು ಅತ್ತ ಹೋದದ್ದೇ ಕ್ಲೊರಿಂದಾ ಪಕ್ಕದ ಮನೆಯ ಒತಿಲಿಯಾಳನ್ನು ಕೂಗಿದಳು. "ನಾಳೆ ಹಂದಿ ಕೊಯ್ತೀನಿ ಕಣೇ."

"ಅದಕ್ಕಿನ್ನೂ ಕೊಬ್ಬೇ ಬಂದಿಲ್ಲ! ನಿನ್ನಷ್ಟಾದ್ರೂ ಆಗ್ಲಿ."

"ನನ್ನಷ್ಟಾಗೋ ಹೊತ್ತಿಗೆ ಮೇಷ್ಟ್ರು ಮಣ್ಣಾಗಿರ್ತಾನೆ. ನೀನು ಕಟ್ಟೆಗೆ ಹೋಗಿ ಆ ಹೆಂಗಸನ್ನ ನೇರ ಇಲ್ಲಿಗೇ ಎಳ್ಕೊಂಡು ಬಾ."

ಹಂದಿ ಕೊಯ್ದ ದಿನ ನಮ್ಮಲ್ಲಿ ಹೊಸಿಲು ದಾಟಿದವರು ಉಣ್ಣದೆ ಹೋಗುವಂತಿಲ್ಲ. ಜೊತೆಗೆ ಮಾಂಸದ ಗಂಟು ಕೈಗಿಡುತ್ತಾರೆ, ಅದೇ ಯೋಕೊ. ಬೇಡ ಅಂದವನು ಹಗೆ, ಹಿಡಿದವನು ಆ ಮನೆಯವನು. ಬೆಲ್ಮಾರ್ ಯೂನಿಫಾರ್ಮ್ ಹಾಕಿದ್ದರೂ ಈ ದ್ವೀಪದ ತಾಯಿಯ ಹಾಲು ಕುಡಿದವನೇ.

ಬೆಳಗ್ಗೆ ಅವನು ಬಂದಾಗ ಮೇಷ್ಟ್ರು ಕೊಪ್ಪರಿಗೆಯ ಮುಂದೆ ಕೂತು ಕೊಬ್ಬು ಕೈಯಾಡಿಸುತ್ತಿದ್ದ.

"ಏಳಿ ಮೇಷ್ಟ್ರೇ."

"ಈಗ ಕೈಬಿಟ್ರೆ ತಳ ಹತ್ತುತ್ತೆ, ನಿಮ್ಮಮ್ಮ ಇಷ್ಟೂ ಹೇಳ್ಕೊಟ್ಟಿಲ್ವೆ?" ಅಂದಳು ಕ್ಲೊರಿಂದಾ. "ಕರಗೋವರೆಗೆ ಒಂದು ಆಲೂಗೆಡ್ಡೆ ರೊಟ್ಟಿ ತಿನ್ನಿ."

ಒಂದು ಹೋಗಿ ಮೂರಾಯಿತು. ಮೇಲೆ ಸೇಬಿನ ಹೆಂಡ. ಬಾಗಿಲಲ್ಲಿ ಒತಿಲಿಯಾಳ ಹಿಂದೆ ಬಾಗಿಲೆತ್ತರದ ಹೆಂಗಸು ಕಂಡದ್ದೇ, ಕ್ಲೊರಿಂದಾ ಬಿಸಿ ಬಿಸಿ ಗಂಟನ್ನು ಸಾರ್ಜೆಂಟನ ಮುಂದೆ ಚಾಚಿದಳು. ಹುಟ್ಟಿದಾಗಿನ ರೂಢಿ, ಅವನ ಎರಡೂ ಕೈ ತಾವಾಗಿ ಮುಂದೆ ಬಂದವು.

"ಅಬ್ದೋನ್ ಅನ್ನೋರು ಇಲ್ಲಿದ್ದಾರಾ? ಗಟ್ಟಿಮುಟ್ಟಾಗಿದ್ದಾರೆ ಅಂತ ನಿಮ್ಮ ಸರ್ಕಾರ ನಮಗೆ ಬರೆದಿದೆ" ಅಂದಳು ಮಾರೈಕೆ.

ಮೇಷ್ಟ್ರು ಬಟ್ಟೆಗೆ ಕೆಮ್ಮಿದ. ಕೆಂಪಾಯಿತು. ಎಲ್ಲರೂ ಸಾರ್ಜೆಂಟನ ಮುಖ ನೋಡಿದರು. ಗಲ್ಲದ ಮೇಲೆ ಜಿಡ್ಡು, ಕೈಯಲ್ಲಿ ಗಂಟು. ಅವನು ಅಂದ: "ಇವರೇ. ಹುಷಾರಿಲ್ಲ. ಆಸ್ಪತ್ರೆಗೆ ಕಳಿಸಿ ಅಂತ ನಾನೇ ಬರೆದಿದ್ದೆ, ಉತ್ತರ ಬರಲಿಲ್ಲ."

"ಅಯ್ಯೋ ನಿನ್ನ! ನನ್ನ ಹತ್ರ ಹೇಳೋಕೇನಾಗಿತ್ತು?" ಅಂದಳು ಕ್ಲೊರಿಂದಾ.

"ನೀವು ಮಧ್ಯ ಬಾಯಿ ಮುಚ್ಚಿದ್ರೆ ತಾನೇ ಹೇಳೋದು, ಅಮ್ಮಾ?"

ಮಾರೈಕೆ ಗಟ್ಟಿಯಾಗಿ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡು ಆ ಬಟ್ಟೆಯ ಫೋಟೋ ತೆಗೆದಳು.

ಹಾಲೆಂಡಿನ ಪೇಪರುಗಳಲ್ಲೆಲ್ಲ ಅದು ಬಂತಂತೆ. ಚಳಿ ಮುಗಿಯುವ ಮೊದಲೇ ಅಪ್ಪಣೆ ಬಂತು. ಮೇಷ್ಟ್ರು ದೋಣಿ ಹತ್ತುವ ಮುಂಚೆ ಬೆಲ್ಮಾರ್ ಒಂದು ಕಾಗದ ಮುಂದಿಟ್ಟ. 'ನನ್ನನ್ನು ಚೆನ್ನಾಗಿ ನೋಡಿಕೊಂಡರು' ಅಂತ ರುಜು ಹಾಕಿಕೊಡಬೇಕು, ಸರ್ಕಾರಕ್ಕೆ ಬೇಕಂತೆ.

"ಯಾರು ನೋಡ್ಕೊಂಡ್ರು ಅಂತಲೂ ಬರೀರಿ, ಹಾಕ್ತೀನಿ" ಅಂದ ಮೇಷ್ಟ್ರು.

ಸಾರ್ಜೆಂಟ್ ತಲೆ ಕೆರೆದುಕೊಂಡ. ಆಮೇಲೆ ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು, ಗುಂಡಗಿನ ಅಕ್ಷರದಲ್ಲಿ, ಕ್ಲೊರಿಂದಾಳ ಹೆಸರು ಸೇರಿಸಿದ.