ತಳ ಕಾಣುವ ಕಣ್ಣು

ಅಗ್ಬೆಕೋ ಹದಿನೇಳು ವರ್ಷಗಳಿಂದ ದೋಣಿಯ ಮೂತಿಯಲ್ಲಿ ಕೂರುವವನು. ನೋಡುವುದೇ ಅವನ ಕೆಲಸ. ವೋಲ್ಟಾ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮರಗಳು ಇಂದಿಗೂ ನಿಂತಲ್ಲೇ ನಿಂತಿವೆ. ಮಳೆಯಿಲ್ಲದ ತಿಂಗಳುಗಳಲ್ಲಿ ನೀರು ಇಳಿದಾಗ ಅವುಗಳ ತಲೆ ನೀರಿನ ಮೇಲ್ಮೈಗಿಂತ ಒಂದು ಮೊಳದಷ್ಟೇ ಕೆಳಗಿರುತ್ತದೆ. ಎಂಜಿನ್ನಿನ ಸದ್ದಿನಲ್ಲಿ ಎಷ್ಟು ಕೂಗಿದರೂ ಹಿಂದೆ ಚುಕ್ಕಾಣಿ ಹಿಡಿದವನಿಗೆ ಕೇಳುವುದಿಲ್ಲ. ಹಾಗಾಗಿ ಮೂತಿಯವನು ಕೈ ಎತ್ತುತ್ತಾನೆ. ಬಲಗೈ ಎತ್ತಿದರೆ ದೋಣಿ ಬಲಕ್ಕೆ, ಎಡಗೈ ಎತ್ತಿದರೆ ಎಡಕ್ಕೆ. ಎರಡೂ ಎತ್ತಿದರೆ ಎಂಜಿನ್ ನಿಲ್ಲಬೇಕು.

ದಿನವಿಡೀ ನೀರನ್ನೇ ದಿಟ್ಟಿಸುವವನ ತಲೆಯಲ್ಲಿ ಏನೇನೋ ಓಡುತ್ತದೆ. ಅಗ್ಬೆಕೋನ ತಲೆಯಲ್ಲಿ ಓಡುತ್ತಿದ್ದುದು ಒಂದೇ. ತನ್ನ ಕಣ್ಣಿಗೆ ನೀರು ಗಾಜಿನಂತಾಗಿದೆ, ತಳದ ತನಕ ಎಲ್ಲ ಕಾಣುತ್ತಿದೆ. ಉಸಿರು ಕಟ್ಟದೆ ಕೆಳಗಿಳಿಯುತ್ತಾನೆ, ಬೆಸ್ತರ ಕಳೆದುಹೋದ ಬಲೆಗಳನ್ನು ಹೆಗಲ ಮೇಲೆ ಹೊತ್ತು ತರುತ್ತಾನೆ, ಮರಗಳನ್ನು ಮೂಲಂಗಿಯಂತೆ ಕಿತ್ತು ಬದಿಗೆಸೆಯುತ್ತಾನೆ. ಇದನ್ನೆಲ್ಲ ಒಮ್ಮೆ ಬಾಯಿ ತಪ್ಪಿ ಹೇಳಿದ್ದ. ಅಂದಿನಿಂದ ಚುಕ್ಕಾಣಿಯ ಫೋಲಿ ಅವನನ್ನು ಬಿಟ್ಟವನಲ್ಲ.

"ಏನಪ್ಪಾ ನೀರಿನ ದೊರೆ, ಇವತ್ತು ಎಷ್ಟು ಮೊಸಳೆ ಜೊತೆ ಕುಸ್ತಿ ಆಯ್ತು?"

"ನಾಲ್ಕು. ಐದನೇದು ನಿನ್ ಮುಖ ನೋಡಿ ಓಡೋಯ್ತು."

ಹೋದ ವರ್ಷದ ಜನವರಿಯವರೆಗೂ ಅದು ನಗುವ ಮಾತಾಗಿತ್ತು.

ಅಂದು ಮರುಭೂಮಿಯ ಧೂಳುಗಾಳಿ ಬೀಸಿ ದಡಗಳೆರಡೂ ಕಾಣುತ್ತಿರಲಿಲ್ಲ. ದೋಣಿಗಳು ಮರಗಳಿಲ್ಲದ, ಗುರುತಿನ ಕಂಬಗಳ ನಡುವಿನ ದಾರಿಯಲ್ಲೇ ಹೋಗಬೇಕು. ಫೋಲಿ ಡೀಸೆಲ್ ಉಳಿಸಲು ಅಡ್ಡದಾರಿ ಹಿಡಿದ. ಅದು ಮುಳುಗಿದ ಅಮೆಡೆಕೊಪೆ ಊರಿನ ಮೇಲೆ ಹಾದುಹೋಗುವ ದಾರಿ. ಅಗ್ಬೆಕೋನ ಬೆನ್ನಿಗೇ ಸೆಫಾಕೋರ್ ಕೂತಿದ್ದಳು. ಇಪ್ಪತ್ತನಾಲ್ಕರ ಹುಡುಗಿ, ಬಟ್ಟೆ ಹೊಲಿಯುವವಳು. ಅವಳ ತಾಯಿ ಅಬ್ಲಾವಿ ಹುಟ್ಟಿದ್ದು ಆ ಮುಳುಗಿದ ಊರಿನಲ್ಲಿ.

ಸೆಫಾಕೋರ್ ಬಗ್ಗಿ ಅವನ ಕಿವಿಯ ಬಳಿ ಕೇಳಿದಳು. "ಅಣ್ಣಾ, ನಿಂಗೆ ತಳ ಕಾಣುತ್ತಂತಲ್ಲ. ನಮ್ಮಮ್ಮನ ಊರು ಕಾಣ್ತಿದ್ಯಾ?"

ಅವನಿಗೆ ಕಂಡಿತು. ಬಾಗಿಲುಗಳು, ಅಂಗಳಗಳು, ಒಲೆಯ ಮೂರು ಕಲ್ಲು. ಅವನು ಆ ಓಣಿಯಲ್ಲಿ ನಡೆಯುತ್ತಿದ್ದ. ಒಂದು ಬಾಗಿಲು ತಳ್ಳುತ್ತಿದ್ದ. ಕವಲೊಡೆದ ಮರದ ಕಪ್ಪು ತಲೆ ಎದುರಿಗೆ ಬಂದದ್ದನ್ನು ಕಣ್ಣು ನೋಡಿತು, ಕೈ ಏಳಲಿಲ್ಲ.

ಇಪ್ಪತ್ತೆರಡು ಜನ ಮಗುಚಿದ ದೋಣಿಯನ್ನು ಹಿಡಿದು ಬದುಕಿದರು. ಸೆಫಾಕೋರ್ ಸಿಗಲಿಲ್ಲ, ಅವಳ ಶವವೂ ಸಿಗಲಿಲ್ಲ. ಯಾರಾದರೂ ಬಂದು ಮುಟ್ಟುವ ಹೊತ್ತಿಗೆ ದೋಣಿ ತೇಲಿ ತೇಲಿ ಕಂಬಗಳ ದಾರಿಗೆ ಬಂದಿತ್ತು. ಮೊದಲು ಎಲ್ಲಿತ್ತೆಂದು ಆ ಧೂಳಿನಲ್ಲಿ ಉಳಿದವರಿಗೆ ತಿಳಿದಿರಲಿಲ್ಲ. "ಇಲ್ಲೇ ಆಗಿದ್ದು ಅಂತ ಹೇಳು," ಎಂದ ಫೋಲಿ, ಹಲ್ಲು ಕಟಕಟಿಸುತ್ತ. "ತೇಲೋ ದಿಮ್ಮಿ ಬಡೀತು ಅನ್ನು. ಇಬ್ರೂ ಉಳ್ಕೋತೀವಿ." ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಅಗ್ಬೆಕೋ ಹಾಗೆಯೇ ಹೇಳಿದ. ಅಬ್ಲಾವಿಯ ಮುಂದೆಯೂ ಹೇಳಿದ.

ನೀರಿನಲ್ಲಿ ಸತ್ತವರನ್ನು ಈ ಕಡೆಯವರು ಸತ್ತ ಜಾಗಕ್ಕೇ ಹೋಗಿ ಹೆಸರು ಹಿಡಿದು ಕರೆಯುತ್ತಾರೆ. ಸಾರಾಯಿ ಎರೆದು, ಅಲ್ಲಿನ ನೀರನ್ನು ಮಡಕೆಗೆ ತುಂಬಿ, ಹಿಂದೆ ತಿರುಗಿ ನೋಡದೆ ಮನೆಗೆ ತರುತ್ತಾರೆ. ಸತ್ತವರು ಜೊತೆಗೆ ಬಂದರೆ ದಾರಿಯಲ್ಲಿ ಮಡಕೆ ಭಾರವಾಗಬೇಕು. ಕಂಬಗಳ ದಾರಿಗೆ ಹೋಗಿ ಅಬ್ಲಾವಿ ಎರಡು ಸಲ ಕರೆದಿದ್ದಳು. ಎರಡು ಸಲವೂ ಮಡಕೆ ಹಗುರಾಗಿಯೇ ಮನೆ ಸೇರಿತ್ತು. ಮೂರು ಸಲ ಕರೆಯಬಹುದು, ನಾಲ್ಕನೆಯದಿಲ್ಲ ಎಂದು ಅವರ ಮನೆತನದ ಹಿರಿಯ ಡೊಟ್ಸೆ ಹೇಳಿದ್ದ. ಬರದಿದ್ದರೆ ಸೆಫಾಕೋರ್‌ಗೆ ಮನೆಯಲ್ಲಿ ಜಾಗವಿಲ್ಲ, ಮುಂದೆ ಯಾವ ಮಗುವಿಗೂ ಅವಳ ಹೆಸರಿಲ್ಲ.

ಅಗ್ಬೆಕೋ ಈಗ ತಳ ಕಾಣುವ ಕನಸನ್ನು ತಾನಾಗಿ ಕಾಣುತ್ತಿರಲಿಲ್ಲ. ಅದೇ ಅವನನ್ನು ಹಿಡಿದುಕೊಂಡಿತ್ತು. ಅಕ್ಪ್ಲೆ ಮುದ್ದೆ ಮುರಿದು ಸಾರಿಗೆ ಅದ್ದುವಾಗ ಸಾರಿನ ತಳ ಆಳಕ್ಕೆ ಹೋಗುತ್ತಿತ್ತು. ಅಲ್ಲೊಂದು ಹೊಸ್ತಿಲು. ಹೊಸ್ತಿಲ ಮೇಲೆ ಸೆಫಾಕೋರ್ ಕೂತು, ಕುತ್ತಿಗೆ ಎತ್ತಿ, ಮೇಲೆ ಹಾದುಹೋಗುವ ದೋಣಿಗಳ ಹೊಟ್ಟೆಯನ್ನು ಒಂದೊಂದಾಗಿ ನೋಡುತ್ತಿದ್ದಳು. ಅವನು ಬೇಡುತ್ತಿದ್ದ ಶಕ್ತಿಯೂ ಬೇರೆಯಾಗಿತ್ತು. ಆ ಜನವರಿಗೆ ಹಿಂದಿರುಗಬೇಕು, ಐದು ಉಸಿರು ಮುಂಚೆ ಕೈ ಎತ್ತಬೇಕು, ಅಷ್ಟು ಸಾಕಾಗಿತ್ತು.

ಮೂರನೆಯ ಕರೆಯ ಶುಕ್ರವಾರ ದೋಣಿಯಲ್ಲಿ ನಾಲ್ಕೇ ಜನ ಇದ್ದರು. ಹಿಂದೆ ಫೋಲಿ, ನಡುವೆ ಸಾರಾಯಿ ಬಾಟಲಿ ಹಿಡಿದ ಡೊಟ್ಸೆ, ತೊಡೆಯ ಮೇಲೆ ಮಡಕೆ ಇಟ್ಟುಕೊಂಡ ಅಬ್ಲಾವಿ, ಮೂತಿಯಲ್ಲಿ ಅಗ್ಬೆಕೋ. ಬಿಸಿಲು ನಿಚ್ಚಳವಾಗಿತ್ತು. ಗುರುತಿನ ಮೊದಲ ಕಂಬ ಹತ್ತಿರವಾಗುತ್ತಿದ್ದಂತೆ ಅಗ್ಬೆಕೋ ಎರಡೂ ಕೈ ಎತ್ತಿದ.

ಎಂಜಿನ್ ನಿಂತಿತು. ದೋಣಿ ತನ್ನಷ್ಟಕ್ಕೆ ಸ್ವಲ್ಪ ದೂರ ಜಾರಿತು.

"ಏನೋ ಅದು? ನೀರು ಖಾಲಿ ಇದ್ಯಲ್ಲೋ!" ಫೋಲಿ ಕೂಗಿದ.

"ಇಲ್ಲಿ ಅಲ್ಲ ಅಜ್ಜಿ," ಎಂದ ಅಗ್ಬೆಕೋ. ಕೈ ಇಳಿಸಿರಲಿಲ್ಲ. "ಅವ್ಳು ಹೋಗಿದ್ದು ಇಲ್ಲಿ ಅಲ್ಲ. ಹಳೇ ಊರಿನ ಮೇಲೆ. ದಿಮ್ಮಿ ಅಲ್ಲ, ಮರ. ನಾನು ಮೈಮರೆತು ಕೂತಿದ್ದೆ. ಮರ ಕಾಣ್ತು, ಕೈ ಎತ್ಲಿಲ್ಲ."

"ಬಾಯಿ ಮುಚ್ಚೋ ಹುಚ್ಚಾ!"

"ನೀನ್ ಮುಚ್ಚು," ಎಂದಳು ಅಬ್ಲಾವಿ, ಹಿಂದಕ್ಕೆ ನೋಡದೆ. ಅಗ್ಬೆಕೋನ ಬೆನ್ನ ಕಡೆ ಬಗ್ಗಿದಳು. "ಎಂಥಾ ಮರ?"

"ಕವಲಿತ್ತು. ಎರಡು ಕೊಂಬು, ಬಲಗಡೇದು ಮುರಿದಿತ್ತು."

"ಬೀಟೆ," ಎಂದಳು. "ನಮ್ಮಪ್ಪನ ಮನೆ ಹಿಂದಿನದು. ಆ ಕೊಂಬು ಸಿಡಿಲಿಗೆ ಮುರಿದಾಗ ನಂಗೆ ಒಂಬತ್ತು ವರ್ಷ. ಎರಡು ಸಲ ಕರೆದ್ನಲ್ಲೋ. ಗಂಟಲು ಹರಿಯೋ ಹಾಗೆ ಕರೆದ್ನಲ್ಲೋ, ಖಾಲಿ ನೀರಿಗೆ."

ಅಗ್ಬೆಕೋ ಎತ್ತಿದ ಕೈಗಳನ್ನು ಇಳಿಸಿದ.

"ಎಂಜಿನ್ ಹಾಕು," ಎಂದಳು ಫೋಲಿಗೆ. ಅವನು ಹಾಕಿದ.

ಅನಂತರ ದಾರಿ ಹೇಳಿದವಳು ಅವಳೇ. ಪೂರ್ವದ ಎರಡು ಗುಡ್ಡಗಳ ನಡುವಿನ ಸಂದಿಯ ಮೇಲೆ ಕಣ್ಣಿಟ್ಟಿದ್ದಳು. ಅವರ ಅಂಗಳದಿಂದ ಸೂರ್ಯ ಹುಟ್ಟುತ್ತಿದ್ದುದು ಆ ಸಂದಿಯಲ್ಲೇ. ಅಗ್ಬೆಕೋನ ಬೆನ್ನ ಹಿಂದಿನಿಂದ ಒಂದೊಂದು ಸಲ ಕೈ ಚಾಚುತ್ತಿದ್ದಳು. "ಇದು ಸಂತೆ ಬಯಲು. ಇಲ್ಲಿ ಬಾವಿ, ಎಡಕ್ಕೆ ಹೋಗು. ಇದು ನಮ್ಮ ಓಣಿ." ಅಗ್ಬೆಕೋ ಅವಳು ಹೇಳಿದ ಕಡೆಯ ಕೈ ಎತ್ತುತ್ತ ಕೆಳಗೆ ನೋಡುತ್ತಿದ್ದ. ಹಸಿರು ನೀರಲ್ಲದೆ ಏನೂ ಕಾಣಲಿಲ್ಲ. ಅವಳಿಗೆ ಎಲ್ಲವೂ ಕಾಣುತ್ತಿತ್ತು.

"ನಿಲ್ಸು," ಎಂದಳು. ಅಗ್ಬೆಕೋ ಎರಡೂ ಕೈ ಎತ್ತಿದ.

ದೋಣಿಯಿಂದ ಎರಡು ಮಾರು ಆಚೆಗೆ, ನೀರಿನ ಒಂದು ಗೇಣು ಕೆಳಗೆ, ಕಪ್ಪು ಕವಲು ಇತ್ತು. ಅದರ ಸಂದಿಯಲ್ಲಿ ಬಟ್ಟೆಯ ಚೂರೊಂದು ಸಿಕ್ಕಿಕೊಂಡು ಪಾಚಿಗಟ್ಟಿ ಅಲ್ಲಾಡುತ್ತಿತ್ತು. ಡೊಟ್ಸೆ ಸಾರಾಯಿ ಎರೆದ. ಅಬ್ಲಾವಿ ಈ ಸಲ ಗಂಟಲು ಹರಿಯುವಂತೆ ಕೂಗಲಿಲ್ಲ. ಅಡುಗೆಯಾಯಿತೆಂದು ಒಳಮನೆಗೆ ಹೇಳುವಷ್ಟು ಮೆಲ್ಲಗೆ ಕರೆದಳು. "ಸೆಫಾಕೋರ್. ಬಾರೇ, ಹೋಗೋಣ." ಮಡಕೆ ಮುಳುಗಿಸಿ ತುಂಬಿಕೊಂಡಳು.

ದೋಣಿ ತಿರುಗಿತು. ಓಣಿಯ ಅರ್ಧಕ್ಕೆ ಬಂದಾಗ ಮೂತಿ ಸ್ವಲ್ಪ ತಗ್ಗಿದಂತಾಯಿತು. ಅಗ್ಬೆಕೋನ ಬೆನ್ನಿಗೆ ತಣ್ಣಗೆ ಏನೋ ತಾಗಿತು. ನೀರು ಚಿಮ್ಮಿರಬೇಕು.

"ಭಾರ ಆಯ್ತಾ?" ಡೊಟ್ಸೆ ಕೇಳಿದ.

ಅಬ್ಲಾವಿ ಮಡಕೆಯನ್ನು ತಬ್ಬಿ, ಮೊಣಕೈಯಿಂದ ಅವನನ್ನು ತಳ್ಳಿದಳು. "ಸ್ವಲ್ಪ ಆ ಕಡೆ ಸರಿ, ಅವಳು ಕೂತ್ಕೊಳ್ಲಿ," ಎಂದಳು. ಹಲಗೆ ಕಿರುಗುಟ್ಟಿತು.

"ಅಜ್ಜಿ, ನನ್ನ..." ಎಂದು ಅಗ್ಬೆಕೋ ಶುರುಮಾಡಿದ.

"ನನ್ನ ಕೇಳ್ಬೇಡ. ಕೇಳೋದಿದ್ರೆ ಅವಳನ್ನ ಕೇಳು, ನಿನ್ನ ಬೆನ್ನಿಗೇ ಇದ್ದಾಳೆ. ತಿರುಗಬೇಡ! ಮುಂದೆ ಬಾವಿ ಹತ್ರ ಇನ್ನೊಂದು ಮರ ಇದೆ, ನೋಡ್ಕೊಂಡು ಕೂತ್ಕೋ."

ಅವನು ನೋಡಿದ. ನೀರು ಬರೀ ನೀರಾಗಿತ್ತು. ಬಾವಿ ಇನ್ನೂ ದೂರವಿರುವಾಗಲೇ ಬಲಗೈ ಎತ್ತಿದ.