ಕಮಾನಿನ ಕೆಳಗೆ ನಿಂತವರು

ಕೆಂಪಣ್ಣನವರು ಬದುಕಿದ್ದು ಎಂಬತ್ತಮೂರು ವರ್ಷ. ಅದರಲ್ಲಿ ಎಂಬತ್ತು ವರ್ಷವಾದರೂ ಏನೋ ಒಂದು ಸೊಟ್ಟಗಿದೆ ಎಂದು ದೂರುತ್ತಲೇ ಕಳೆದರು. ಅರಕಲಗೂಡು ಸೀಮೆಯ ಒಕ್ಕಲು ಮನೆಯಲ್ಲಿ ಹುಟ್ಟಿ, ಓದಿ ಇಂಜಿನಿಯರಾಗಿ, ರಸ್ತೆ, ಕೆರೆ ಏರಿ, ಸೇತುವೆ ಎಂದು ಮೂವತ್ತು ವರ್ಷ ಅಲೆದರು. ನಿವೃತ್ತರಾಗಿ ಹಾಸನದಲ್ಲಿ ಮನೆ ಕಟ್ಟಿಕೊಂಡ ಮೇಲೂ ಗೋಡೆ, ನೆಲದ ಮಟ್ಟ ನೋಡುವ ಪುಟ್ಟ ರಸಮಟ್ಟವೊಂದು ಜೇಬಿನಲ್ಲಿ ಇದ್ದೇ ಇರುತ್ತಿತ್ತು. ಮಗಳಿಗೆ ಗಂಡು ನೋಡಲು ಚನ್ನರಾಯಪಟ್ಟಣಕ್ಕೆ ಹೋದಾಗ ಬೀಗರಾಗುವವರ ಜಗಲಿಯ ಮೇಲೆ ಅದನ್ನಿಟ್ಟು, ಒಳಗಿನ ಗುಳ್ಳೆ ಎತ್ತ ಸರಿಯಿತೆಂದು ಬಗ್ಗಿ ನೋಡಿ, "ಜಗಲಿ ಪೂರ್ವಕ್ಕೆ ವಾಲಿದೆಯಲ್ಲ ಸ್ವಾಮಿ" ಎಂದುಬಿಟ್ಟರು. ಹೆಂಡತಿ ಪುಟ್ಟತಾಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮದುವೆ ಹೇಗೋ ಆಯಿತು. ಜಗಲಿಯನ್ನೂ ಆಮೇಲೆ ಸರಿ ಮಾಡಿಸಿದರಂತೆ.

ಇಂಥವರ ಬಗ್ಗೆ ಮನೆಯಲ್ಲಿ ಒಂದು ಕಥೆಯಿತ್ತು. ಅರಕಲಗೂಡಿನಿಂದ ರುದ್ರಪಟ್ಟಣದ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳ. ೧೯೧೨ರಲ್ಲಿ ಅದಕ್ಕೆ ಅವರು ತಮ್ಮ ಮೊದಲ ಕಲ್ಲಿನ ಕಮಾನು ಸೇತುವೆ ಕಟ್ಟಿಸಿದರು. ಕಮಾನಿಗೆ ಕೊಟ್ಟ ಮರದ ಆಸರೆ ಬಿಚ್ಚುವಾಗ ಕಟ್ಟಿಸಿದ ಇಂಜಿನಿಯರೇ ಕೆಳಗೆ ನಿಲ್ಲಬೇಕು ಎಂಬುದು ಆ ಕಡೆಯ ಕಲ್ಲುಕೆಲಸದವರ ರೂಢಿ. ಇಪ್ಪತ್ತಾರರ ಕೆಂಪಣ್ಣ ಮೀಸೆ ತಿರುವಿಕೊಂಡು ನಿಂತರು, ಆಸರೆ ಬಿಚ್ಚಿದರು, ಕಮಾನು ಕದಲಲಿಲ್ಲ. ಇದು ಕಥೆ.

ನಿಜ ಏನೆಂದರೆ, ಕೆಂಪಣ್ಣ ಅಲ್ಲಿರಲೇ ಇಲ್ಲ. ಆ ಬೆಳಿಗ್ಗೆ ಲೆಕ್ಕದ ಹಾಳೆಯಲ್ಲಿ ಒಂದು ಕಡೆ ತಪ್ಪು ಕಂಡಂತಾಗಿ, ಹೊಟ್ಟೆನೋವೆಂದು ಹೇಳಿ ರುದ್ರಪಟ್ಟಣಕ್ಕೆ ಓಡಿಹೋಗಿ, ಗುರುತಿಲ್ಲದ ಸಂಗೀತ ವಿದ್ವಾಂಸರೊಬ್ಬರ ಜಗಲಿಯ ಮೇಲೆ ಮೂರು ಗಂಟೆ ಕೂತು ತೋಡಿ ರಾಗ ಕೇಳಿದ್ದರು. ಕಮಾನಿನ ಕೆಳಗೆ ನಿಂತವನು ಕಲ್ಲುಕೆಲಸದ ಬೋರಪ್ಪ. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ ಎಂಬುದು ಕೆಂಪಣ್ಣನವರಿಗೆ ಮಾರನೆಯ ದಿನ, ಸೇತುವೆಯೂ ಬೋರಪ್ಪನೂ ನೆಟ್ಟಗಿರುವುದನ್ನು ಕಂಡಾಗ ಗೊತ್ತಾಯಿತು. ಕಥೆಯನ್ನು ಅವರೇನೂ ಕಟ್ಟಲಿಲ್ಲ. ಅದು ತಾನಾಗಿ ಬೆಳೆಯಿತು, ಅವರು ಬೆಳೆಯಲು ಬಿಟ್ಟರು, ಅಷ್ಟೇ. ಆದರೆ ಅಂದಿನಿಂದ ಎಲ್ಲಿ ತೋಡಿ ಕಿವಿಗೆ ಬಿದ್ದರೂ ಅವರಿಗೆ ನಾಚಿಕೆಯಿಂದ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಮನೆಯವರು ಅದನ್ನು ಸಂಗೀತಜ್ಞಾನ ಎಂದುಕೊಂಡಿದ್ದರು.

೧೯೬೧ರಲ್ಲಿ ಹೊಳೆನರಸೀಪುರದಿಂದ ಆ ದಾರಿಗೆ ಮೊದಲ ಬಸ್ಸು ಬಿಡುವುದೆಂದಾಯಿತು. ಊರಿನವರು ಸೇತುವೆಯ ಪಕ್ಕದಲ್ಲೇ ಚಪ್ಪರ ಹಾಕಿ, ಎಪ್ಪತ್ತೈದರ ಕೆಂಪಣ್ಣನವರಿಗೆ ಸನ್ಮಾನ ಇಟ್ಟುಕೊಂಡರು. ಹನ್ನೆರಡು ವರ್ಷದ ಮೊಮ್ಮಗಳು ಅನಸೂಯ 'ನಮ್ಮ ತಾತನ ಧೈರ್ಯ' ಎಂದು ಎರಡು ಪುಟ ಬರೆದು ತಂದಿದ್ದಳು. ಅವಳ ಪಾಲಿಗೆ ಲೋಕದಲ್ಲಿ ತಾತನಂಥ ಗಟ್ಟಿ ಮನುಷ್ಯ ಇನ್ನೊಬ್ಬನಿಲ್ಲ. ಕೆಂಪಣ್ಣನವರಿಗೆ ಶಾಲು ಹೋದರೆ ಹೋಗಲಿ, ಹಾರವೂ ಹೋಗಲಿ. ಆ ಹುಡುಗಿಯ ಕಣ್ಣಲ್ಲಿ ಸಣ್ಣವರಾಗುವುದು ಮಾತ್ರ ಬೇಡವಾಗಿತ್ತು.

ಹಾರ ಕೊರಳಿಗೆ ಬಿತ್ತು. ತಲೆಯೆತ್ತಿ ನೋಡಿದರೆ ಜನರೆಲ್ಲರ ಹಿಂದೆ, ಚಪ್ಪರದಾಚೆಯ ಬಿಸಿಲಲ್ಲಿ, ಕೋಲೂರಿ ನಿಂತ ಒಬ್ಬ ಮುದುಕ. ಬೋರಪ್ಪ! ಅವನಿಗೆ ಯಾರೂ ಕೂತುಕೋ ಎಂದಿರಲಿಲ್ಲ. ಅಷ್ಟರಲ್ಲಿ ಅನಸೂಯ ಓದತೊಡಗಿದಳು: "ಆಗ ನಮ್ಮ ತಾತ ಎದೆಯೊಡ್ಡಿ ಕಮಾನಿನ ಕೆಳಗೆ..."

"ನಿಲ್ಲಿಸವ್ವಾ," ಎನ್ನುತ್ತಾ ಕೆಂಪಣ್ಣನವರು ಎದ್ದರು. "ನಾನು ನಿಂತಿರಲಿಲ್ಲ. ಹೆದರಿ ಓಡಿಹೋಗಿದ್ದೆ. ನಿಂತವನು ಅಗೋ, ಆ ಬೋರಪ್ಪ."

ಚಪ್ಪರಕ್ಕೆ ಚಪ್ಪರವೇ ಜೋರಾಗಿ ಚಪ್ಪಾಳೆ ಹೊಡೆಯಿತು. ಸಭೆಯ ಅಧ್ಯಕ್ಷ ರಂಗಸ್ವಾಮಿಗೌಡರು ಕಣ್ಣೊರೆಸಿಕೊಂಡು, "ದೊಡ್ಡೋರ ವಿನಯ ಅಂದ್ರೆ ಇದು ಕಣ್ರಪ್ಪ!" ಎಂದರು.

"ವಿನಯ ಅಲ್ರೀ, ನಿಜ!" ಕೆಂಪಣ್ಣನವರು ಕೂಗಿದರು. ಚಪ್ಪಾಳೆ ಇನ್ನೂ ಹೆಚ್ಚಾಯಿತು. ಐವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದಾಗ ನಂಬಿದ ಜನ, ಬಾಯಿಬಿಟ್ಟು ನಿಜ ಹೇಳಿದರೆ ನಂಬುವುದಿಲ್ಲವೆಂದರೆ ಯಾರಿಗೆ ಹೇಳಿಕೊಳ್ಳುವುದು? "ಬೋರಪ್ಪ, ನೀನಾದ್ರೂ ಹೇಳಯ್ಯ!"

ಬೋರಪ್ಪ ಮುಂದೆ ಬಂದ. ಜನರನ್ನು ನೋಡಿದ, ಹಾರದೊಳಗೆ ಬೆವರುತ್ತಿದ್ದ ಸಾಹೇಬರನ್ನು ನೋಡಿದ. ಅವನ ಕರುಳು ಚುರುಕ್ಕೆಂದಿರಬೇಕು. "ಸಾಯೇಬ್ರು ಅಲ್ಲೇ ಇದ್ರು ಕಣ್ರಪ್ಪ. ನಾನೇ ಕಣ್ಣಾರೆ ಕಂಡಿವ್ನಿ," ಎಂದ.

"ಲೋ ಬೋರಪ್ಪ! ಈ ವಯಸ್ಸಲ್ಲಿ ಸುಳ್ಳು ಹೇಳ್ತೀಯಲ್ಲೋ!"

ಚಪ್ಪರವೆಲ್ಲ ಬಿದ್ದು ಬಿದ್ದು ನಕ್ಕಿತು. ನಗದೆ ಇದ್ದವಳು ಅನಸೂಯ ಒಬ್ಬಳೇ. ತಾತ ಹುಸಿಮಾತಾಡುವಾಗಿನ ಮುಖ ಯಾವುದು, ನಿಜ ಹೇಳುವಾಗಿನ ಮುಖ ಯಾವುದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೈಯಲ್ಲಿದ್ದ ಎರಡು ಪುಟವನ್ನೂ ಮಡಿಚಿದಳು. ತಾತನ ಕಡೆ ತಿರುಗದೆ ವೇದಿಕೆಯಿಂದ ಕೆಳಗಿಳಿದು ಹೋಗಿ ಬೋರಪ್ಪನ ಮುಂದೆ ನಿಂತಳು.

"ಅಜ್ಜಾ, ಕಮಾನಿನ ಕೆಳಗೆ ನಿಂತಾಗ ನಿಮಗೆ ಹೆದರಿಕೆ ಆಗ್ಲಿಲ್ವಾ?"

ಅಷ್ಟು ಜನರ ಮುಂದೆ ಸುಳ್ಳು ಹೇಳಿದವನಿಗೆ ಈ ಮಗುವಿನ ಮುಂದೆ ಹೇಳಲು ನಾಲಿಗೆ ಹೊರಳಲಿಲ್ಲ. "ಆಗ್ದೆ ಏನವ್ವಾ," ಎಂದ ಮೆಲ್ಲಗೆ. "ಮಂಡಿ ಗಡಗಡ ಅಂತಿತ್ತು. ಆಗಿನ್ನೂ ಮದ್ವೆ ಆಗಿ ಆರ್ ತಿಂಗ್ಳು. ನಿಮ್ ತಾತ ಪಕ್ಕದಾಗೆ ಇದ್ದಿದ್ರೆ ಅವ್ರ ಕೈಯಾದ್ರೂ ಇಡ್ಕತಿದ್ದೆ. ನಮ್ಮಂತೋರು ಅವ್ರ ಕೈ ಇಡ್ಕೊಳೋ ಕಾಲ ಅಲ್ಲ ಅದು. ಆದ್ರೂ ಇಡ್ಕತಿದ್ದೆ."

ಈ ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಕೆಂಪಣ್ಣನವರು ಹಾರ ತೆಗೆದು ಕುರ್ಚಿಯ ಮೇಲಿಟ್ಟು ಇಳಿದು ಬಂದು, ಬೋರಪ್ಪನ ಒರಟು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಬಾರಯ್ಯ," ಎಂದರು. ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ಗದರಿಕೊಳ್ಳುತ್ತಾ, ಅರ್ಧ ನಡೆದು ಅರ್ಧ ಜಾರಿ, ಹಳ್ಳಕ್ಕಿಳಿದು ಕಮಾನಿನ ಕೆಳಗೆ ನಿಂತರು. ಅನಸೂಯ ಚಪ್ಪಲಿ ಅಲ್ಲೇ ಬಿಟ್ಟು ಓಡಿಬಂದು ತಾತನ ಇನ್ನೊಂದು ಕೈ ಹಿಡಿದಳು.

ಬಸ್ಸು ತಲೆಯ ಮೇಲೆ ಗುಡುಗಿಕೊಂಡು ಹೋಯಿತು. ಹಳೇ ಗಾರೆಯ ಪುಡಿ ಮೂವರ ಮೇಲೂ ಉದುರಿತು.

"ಈಗಲೂ ಹೆದರಿಕೆನಾ ತಾತ?"

"ಬಹಳ ಕಣವ್ವಾ," ಎಂದರು ಕೆಂಪಣ್ಣನವರು, ಎರಡು ಕೈಯನ್ನೂ ಬಿಡದೆ.